ಬೆಡ್‌ಶೀಟಿನ ಮೂಲೆ ನೋಡಿ ದೇಶ ಹೇಳಿ ಅನ್ನೋ ಸೈಟು: ಯೂರೋಪೋಲ್‌ನ ಟ್ರೇಸ್ ಆ್ಯನ್ ಆಬ್ಜೆಕ್ಟ್, ಒಂದು ಗಾರ್ಮೆಂಟ್ಸ್ ರಿವ್ಯೂ

ಮಕ್ಕಳ ಮೇಲಿನ ದೌರ್ಜನ್ಯದ ಕೇಸಲ್ಲಿ ಸಿಕ್ಕಿರೋ ವಸ್ತು ಯಾವ್ದು ಗುರುತಿಸಿ ಅಂತ ಯೂರೋಪಿನ ಪೊಲೀಸ್ ಸಂಸ್ಥೆ ಜನರನ್ನ ಕೇಳೋ ಸೈಟಿದು. ಮೊದ್ಲೇ ಹೇಳ್ಬಿಡ್ತೀನಿ, ಇದ್ರಲ್ಲಿ ಮಕ್ಕಳ ಫೋಟೋ ಒಂದೂ ಇಲ್ಲ. ಹೆಸ್ರು ಕೇಳಿದ ತಕ್ಷಣ ಅಯ್ಯೋ ಅದೆಲ್ಲಾ ನೋಡಕ್ಕಾಗಲ್ಲಪ್ಪಾ ಅಂತ ಮುಚ್ಚೋರೇ ಜಾಸ್ತಿ, ನಮ್ಮ ನಾದಿನಿ ಮಗ ಲಿಂಕ್ ಕಳ್ಸಿದಾಗ ನಾನೂ ಅದೇ ಮಾಡಿದ್ದೆ, ಎರಡು ವಾರ ಓಪನ್ನೇ ಮಾಡ್ಲಿಲ್ಲ. ಆಮೇಲೆ ಒಂದು ಭಾನುವಾರ ಮಧ್ಯಾಹ್ನ ಊಟ ಆದ್ಮೇಲೆ ಧೈರ್ಯ ಮಾಡಿ ತೆಗೆದ್ರೆ ಏನಿತ್ತು ಗೊತ್ತಾ, ಒಂದು ಪ್ಲಾಸ್ಟಿಕ್ ಕವರು, ಒಂದು ಸೋಫಾದ ಕೈ, ಯಾವ್ದೋ ಬಾಟ್ಲಿಯ ಅರ್ಧ ಲೇಬಲ್ಲು, ಒಂದು ಪರದೆ. ಹಳೇ ಸಾಮಾನು ಮಾರೋಕೆ ಯಾರೋ ಕೆಟ್ಟದಾಗಿ ಫೋಟೋ ಹಿಡಿದು ಹಾಕ್ದಂಗೆ ಇತ್ತು ಅಷ್ಟೇ.

ವಿಷ್ಯ ಏನಪ್ಪಾ ಅಂದ್ರೆ, ಯೂರೋಪೋಲ್ ಅಂತ ಇದೆಯಲ್ಲ, ನೆದರ್ಲೆಂಡ್ಸಿನ ಹೇಗ್ ಊರಲ್ಲಿ ಆಫೀಸು, ಯೂರೋಪಿಯನ್ ಯೂನಿಯನ್ನಿನ 27 ದೇಶದ ಪೊಲೀಸರನ್ನ ಒಂದ್ಕಡೆ ಜೋಡಿಸೋ ಸಂಸ್ಥೆ, ಅವ್ರು 2017ರ ಜೂನ್ 1ಕ್ಕೆ ಶುರು ಮಾಡಿದ್ದು ಇದು. ಪೂರ್ತಿ ಹೆಸ್ರು ಸ್ಟಾಪ್ ಚೈಲ್ಡ್ ಅಬ್ಯೂಸ್ ಟ್ರೇಸ್ ಆ್ಯನ್ ಆಬ್ಜೆಕ್ಟ್. ಮಕ್ಕಳ ಮೇಲೆ ನಡೆದ ದೌರ್ಜನ್ಯದ ಫೋಟೋ ವಿಡಿಯೋ ತನಿಖೆ ಮಾಡೋರ ಕೈಗೆ ಸಿಗುತ್ತೆ, ಆದ್ರೆ ಮಗು ಯಾರು, ಎಲ್ಲಿದೆ, ಯಾವ ದೇಶ ಅನ್ನೋದೇ ಗೊತ್ತಾಗಲ್ಲ. ತಮ್ಮ ಕೈಲಾಗಿದ್ದೆಲ್ಲಾ ಮಾಡಿ ಮುಗಿಸಿ, ಇನ್ನು ದಾರಿ ಇಲ್ಲ ಅಂದಾಗ ಆ ಚಿತ್ರದ ಹಿನ್ನೆಲೆಯಲ್ಲಿರೋ ಒಂದು ವಸ್ತುವನ್ನ ಮಾತ್ರ ಕತ್ತರಿಸಿ ಸೈಟಿಗೆ ಹಾಕ್ತಾರೆ. ಪ್ರಶ್ನೆ ಒಂದೇ, ಇದು ಏನು, ಎಲ್ಲಿ ಸಿಗುತ್ತೆ?

ನಂಗೂ ಅದಕ್ಕೂ ಏನು ಸಂಬಂಧ ಅಂದ್ರೆ ನಾನು ಬೆಂಗಳೂರಲ್ಲಿ ಎಕ್ಸ್‌ಪೋರ್ಟ್ ಗಾರ್ಮೆಂಟ್ಸಲ್ಲಿ ಮರ್ಚಂಡೈಸರ್, ಹದಿನಾಲ್ಕು ವರ್ಷ ಆಯ್ತು. ಬಯರ್ ಒಂದು ಸ್ವಾಚ್ ಕಳಿಸ್ತಾನೆ, ಅಂಗೈಯಷ್ಟು ಬಟ್ಟೆ ತುಂಡು, ಅದನ್ನ ಹಿಡ್ಕೊಂಡು ಇದು ಎಷ್ಟು ಜಿಎಸ್ಎಂ ಅಂದ್ರೆ ಬಟ್ಟೆ ಎಷ್ಟು ತೂಕದ್ದು, ಯಾವ ಪ್ರಿಂಟು, ಡಿಸೈನು ಎಷ್ಟು ಇಂಚಿಗೊಮ್ಮೆ ರಿಪೀಟ್ ಆಗುತ್ತೆ, ಯಾವ ಮಿಲ್ಲಲ್ಲಿ ಸಿಗಬಹುದು ಅಂತ ಹೇಳೋದೇ ನನ್ನ ಹೊಟ್ಟೆಪಾಡು. ಸೈಟಲ್ಲಿರೋ ಅರ್ಧಕ್ಕರ್ಧ ಚಿತ್ರ ಬಟ್ಟೇದು ಸ್ವಾಮಿ. ಬೆಡ್‌ಶೀಟು, ದಿಂಬಿನ ಕವರು, ಟೀ ಶರ್ಟು, ಪರದೆ, ಟವಲ್ಲು. ನೋಡ್ತಾ ನೋಡ್ತಾ ಅರ್ಧ ಗಂಟೆ ಆದ್ಮೇಲೆ ಅನ್ನಿಸ್ತು, ಅಲ್ಲಾ ಇದು ನಮ್ಮ ಕೆಲ್ಸಾನೇ ಅಲ್ವಾ, ದಿನಾ ಬೆಳಗ್ಗೆ ಹತ್ತರಿಂದ ಇದನ್ನೇ ತಾನೆ ಮಾಡ್ತಿರೋದು.

ಒಂದು ಚಿತ್ರ ಮಾತ್ರ ನನ್ನ ಬಿಡ್ಲೇ ಇಲ್ಲ. ಬೆಡ್‌ಶೀಟೋ ಕಂಬಳಿಯೋ, ಮೂಲೆ ಅಷ್ಟೇ ಕಾಣ್ಸುತ್ತೆ, ಬಟ್ಟೆ ತುಂಬಾ ಸಣ್ಣ ಹೂವಿನ ಪ್ರಿಂಟು, ಒಂದು ಕಡೆ ಬಣ್ಣ ಬಿಳಚಿಕೊಂಡಿದೆ. ಸೋಮವಾರ ಫ್ಯಾಕ್ಟರೀಲಿ ನಮ್ಮ ಸ್ಯಾಂಪ್ಲಿಂಗ್ ಮಾಸ್ಟರ್‌ಗೆ ತೋರಿಸ್ದೆ. ಎಲ್ಲಿಂದ ಬಂದಿದ್ದು ಅಂತ ಹೇಳ್ಲಿಲ್ಲ, ಸುಮ್ನೆ ಮಾಸ್ಟ್ರೇ ಇದೇನು ನೋಡಿ ಅಂದೆ. ಅವ್ರು ಕನ್ನಡಕ ಹಣೆ ಮೇಲಿಂದ ಇಳಿಸಿ ಫೋನು ಕಣ್ಣಿನ ಹತ್ರ ತಂದು, "ಬೆಡ್‌ಶೀಟ್ ಅಲ್ಲ ಮೇಡಂ ಇದು, ಕ್ವಿಲ್ಟ್ ಕವರು, ದಪ್ಪ ರಜಾಯಿಗೆ ಹಾಕೋ ಗವಸು, ನೋಡಿ ಅಂಚಲ್ಲಿ ಗುಂಡಿ ಕಾಜಾ ಕಾಣ್ತಿದೆ, ನಮ್ಮೋರು ಇದನ್ನ ಮನೇಲಿ ಹಾಕಲ್ಲ, ಬಿಳಿ ಜನ ಹಾಕ್ತಾರೆ. ಪಿಗ್ಮೆಂಟ್ ಪ್ರಿಂಟು, ಬಣ್ಣ ಬಟ್ಟೆ ಮೇಲ್ಗಡೆ ಮಾತ್ರ ಕೂರುತ್ತೆ, ತೊಳೆದೂ ತೊಳೆದೂ ಮಡಿಕೆ ಜಾಗದಲ್ಲಿ ಹೋಗಿದೆ" ಅಂದ್ರು. ನಾನು ಕಾಜಾ ನೋಡೇ ಇರ್ಲಿಲ್ಲ! ಹತ್ತು ಸಲ ಜೂಮ್ ಮಾಡಿದ್ದೆ, ಹೂವನ್ನೇ ನೋಡ್ತಾ ಕೂತಿದ್ದೆ. ಆಮೇಲೆ ವಿಷ್ಯ ಏನು ಅಂತ ಹೇಳಿದ್ಮೇಲೆ ಅವ್ರು ಸ್ವಲ್ಪ ಹೊತ್ತು ಏನೂ ಮಾತಾಡ್ಲಿಲ್ಲ, ಫೋನ್ ವಾಪಸ್ ಕೊಟ್ಟು ಕತ್ತರಿ ತಗೊಂಡು ಟೇಬಲ್ ಹತ್ರ ಹೋದ್ರು. ಸಂಜೆ ಹೊರಡೋ ಟೈಮಲ್ಲಿ ಬಂದು "ಮೇಡಂ, ಆ ಫೋಟೋ ಇನ್ನೊಂದ್ಸಲ ತೋರಿಸಿ" ಅಂದ್ರು.

ಈಗ ನಮ್ಮ ಲೈನಲ್ಲಿರೋರು ಯಾಕೆ ನೋಡ್ಬೇಕು ಅನ್ನೋದಕ್ಕೆ ಬರ್ತೀನಿ, ಇದು ನನ್ನ ಪ್ರಕಾರ ಈ ರಿವ್ಯೂನಲ್ಲಿ ಮುಖ್ಯವಾದ್ದು. ಯೂರೋಪಿನ ಯಾವ್ದೋ ಮನೇಲಿ ಮಂಚದ ಮೇಲಿರೋ ಬಟ್ಟೆ ಯೂರೋಪಲ್ಲೇ ನೇಯ್ದಿರ್ತಾರೆ ಅಂತೇನಿಲ್ಲ. ಕರೂರಿಂದ ಹೋಗಿರ್ಬೋದು, ಹೋಂ ಟೆಕ್ಸ್‌ಟೈಲ್ ಅಂದ್ರೆ ಕರೂರು. ಬನಿಯನ್ ಬಟ್ಟೆ ಅಂದ್ರೆ ತಿರುಪ್ಪೂರು, ಕಂಬಳಿ ಅಂದ್ರೆ ಪಾಣಿಪತ್, ಶರ್ಟು ಜಾಕೆಟ್ಟು ನಮ್ಮ ಬೆಂಗಳೂರು. ಎಲ್ಲಿ ತಯಾರಾಯ್ತು ಅನ್ನೋದು ಪೊಲೀಸರಿಗೆ ಅಷ್ಟು ಉಪಯೋಗಕ್ಕೆ ಬರಲ್ಲ, ಎಲ್ಲಿ ಮಾರಾಟ ಆಯ್ತು ಅನ್ನೋದು ಬೇಕು. ಅದು ಗೊತ್ತಿರೋದು ಯಾರಿಗೆ ಹೇಳಿ? ಪ್ಯಾಕಿಂಗ್ ಲಿಸ್ಟ್ ಮಾಡಿದೋರಿಗೆ, ಕಾರ್ಟನ್ ಮೇಲೆ ಸ್ಟಿಕ್ಕರ್ ಅಂಟಿಸಿದೋರಿಗೆ. ಈ ಡಿಸೈನು ಇಂಥ ದೇಶದ ಇಂಥ ಅಂಗಡಿಗೆ ಮಾತ್ರ ಹೋಯ್ತು, ಅದೂ ಒಂದೇ ಸೀಸನ್ನು ಅಂತ ಹೇಳೋಕೆ ಆಗೋದು ಅವ್ರಿಗೇ. ಹೇಗ್‌ನಲ್ಲಿ ಕೂತಿರೋ ಆಫೀಸರ್‌ಗೆ ಅದು ಹೂವಿನ ಬಟ್ಟೆ, ನಮ್ಗೆ ಅದು ಆರ್ಡರ್ ನಂಬರು.

ಲೇಬಲ್ ಒಂದು ಚೂರು ಕಂಡ್ರೂ ಸಾಕು, ಸುಮಾರು ವಿಷ್ಯ ಹೇಳ್ಬೋದು. ಆರ್‌ಎನ್ ಅಂತ ನಂಬರ್ ಇದ್ರೆ ಅಮೆರಿಕಾ ಮಾರ್ಕೆಟ್ಟಿಗೆ ಹೋಗಿದ್ದು. ಸಿಎ ನಂಬರು, ಜೊತೆಗೆ ಇಂಗ್ಲಿಷ್ ಫ್ರೆಂಚ್ ಎರಡರಲ್ಲೂ ಬರೆದಿದ್ರೆ ಕೆನಡಾ. ಯೂರೋಪಿಗೆ ಕಳ್ಸೋದಕ್ಕೆ ನೂಲು ಎಷ್ಟು ಪರ್ಸೆಂಟ್ ಏನು ಅಂತ ಹಾಕ್ಲೇಬೇಕು, ಯಾವ ದೇಶದ ತಯಾರಿ ಅಂತ ಹಾಕ್ಲೇಬೇಕು ಅಂತಿಲ್ಲ. ಬಟ್ಟೆ ಬಿಟ್ಟು ಬೇರೇದು ಗೊತ್ತಿರೋರಿಗೂ ಇದೇ ಲೆಕ್ಕ. ಎಲೆಕ್ಟ್ರೀಶಿಯನ್‌ಗೆ ಗೋಡೆಯ ಸಾಕೆಟ್ ಒಂದು ಕಂಡ್ರೆ ಆಯ್ತು, ನಮ್ಮ ದುಂಡನೆ ಮೂರು ಪಿನ್ನು ಬೇರೆ, ಬ್ರಿಟನ್ನಿನ ಚಪ್ಪಟೆ ಮೂರು ಪಿನ್ನು ಬೇರೆ, ಅಲ್ಲಿಗೆ ಎಷ್ಟೋ ದೇಶ ಲಿಸ್ಟಿಂದ ಹೊರಗೆ. ಟೈಲ್ಸ್ ಅಂಗಡಿಯೋರು, ಔಷಧಿ ಡಿಸ್ಟ್ರಿಬ್ಯೂಟರು, ಆಟದ ಸಾಮಾನು ಇಂಪೋರ್ಟ್ ಮಾಡೋರು, ಶಾಂಪೂ ಕಂಪ್ನಿ ಸೇಲ್ಸ್ ಹುಡುಗ್ರು, ಇವ್ರೆಲ್ಲಾ ತಮಗೆ ಗೊತ್ತಿಲ್ದೇ ಇದರಲ್ಲಿ ಎಕ್ಸ್‌ಪರ್ಟ್‌ಗಳು.

ಬಳಸೋದು ಹೆಂಗೆ ಅಂದ್ರೆ ಅದ್ರಲ್ಲಿ ದೊಡ್ಡ ವಿಷ್ಯ ಏನಿಲ್ಲ. ಚಿತ್ರದ ಮೇಲೆ ಒತ್ತಿ, ಗೊತ್ತಿರೋದನ್ನ ಬರೆದು ಕಳ್ಸೋದು. ಹೆಸ್ರು ಹೇಳ್ದೇನೂ ಕಳ್ಸಬೋದು, ನಾನು ಹಂಗೇ ಕಳ್ಸಿದ್ದು. ಇಂಗ್ಲಿಷ್ ವ್ಯಾಕರಣ ತಪ್ಪಾಗುತ್ತೆ ಅಂತ ನಾಚ್ಕೊಳ್ಳೋ ಅಗತ್ಯ ಇಲ್ಲ, ಫ್ಯಾಕ್ಟರೀಲಿ ಬಟ್ಟೆ ವಿವರದ ಮೇಲ್ ಬರೆದಂಗೆ ಬರೆದೆ, ಬಟ್ಟೆ ಇಂಥದ್ದು, ಪ್ರಿಂಟ್ ಇಂಥದ್ದು, ಇಂಥ ಥರದ ಅಂಗಡಿಗೆ ಹೋಗೋ ಮಾಲು ಅನ್ಸುತ್ತೆ, ಯಾಕೆ ಅನ್ಸುತ್ತೆ ಅಂದ್ರೆ ಇದಕ್ಕೆ. ಖಾತ್ರಿ ಇರೋದನ್ನ ಖಾತ್ರಿ ಅಂತ, ಅಂದಾಜನ್ನ ಅಂದಾಜು ಅಂತ ಬೇರೆ ಬೇರೆ ಹೇಳಿ, ಅದೊಂದು ಮಾಡಿ ಸಾಕು, ಇಲ್ಲಾಂದ್ರೆ ಅವ್ರಿಗೆ ನೀವು ಕೆಲ್ಸ ಕಮ್ಮಿ ಮಾಡೋ ಬದ್ಲು ಜಾಸ್ತಿ ಮಾಡ್ತೀರ.

ಕಳ್ಸಿದ್ಮೇಲೆ ಏನಾಗುತ್ತೆ ಅಂತ ಎಲ್ರೂ ಕೇಳ್ತಾರೆ. ಯೂರೋಪೋಲ್‌ನೋರು ತಾವೇ ಹೋಗಿ ಬಾಗಿಲು ಒಡೆಯಲ್ಲ, ಅವ್ರಿಗೆ ಅರೆಸ್ಟ್ ಮಾಡೋ ಅಧಿಕಾರಾನೇ ಇಲ್ಲ. ವಸ್ತು ಯಾವ ದೇಶದ್ದು ಅಂತ ಗೊತ್ತಾದ್ರೆ ಆ ದೇಶದ ಪೊಲೀಸರಿಗೆ ತಿಳಿಸ್ತಾರೆ, ಮುಂದಿನ ತನಿಖೆ ಅಲ್ಲಿಯೋರದ್ದು. ಕೇಳೋಕೆ ಸಣ್ಣದು ಅನ್ಸುತ್ತೆ, ಆದ್ರೆ ಯೋಚ್ನೆ ಮಾಡಿ, ಯಾವ ದೇಶ ಅಂತಾನೇ ಗೊತ್ತಿಲ್ಲ ಅಂದ್ರೆ ಅದು ಯಾರ ಕೇಸೂ ಅಲ್ಲ, ಯಾವ ಸ್ಟೇಷನ್ನಿನ ಟೇಬಲ್ ಮೇಲೂ ಫೈಲ್ ಇರಲ್ಲ. ದೇಶ ಗೊತ್ತಾದ ದಿನ ಅದು ಒಬ್ಬರ ಕೇಸಾಗುತ್ತೆ. ಹಿಂಗೆ ಇಪ್ಪತ್ತಕ್ಕೂ ಜಾಸ್ತಿ ಮಕ್ಕಳನ್ನ ಈ ಸೈಟಿನ ಸುಳಿವುಗಳಿಂದ ಗುರುತಿಸಿದಾರೆ, ಬಂದಿರೋ ಸುಳಿವು ಸಾವಿರ ಸಾವಿರ. ಸಾವಿರಾರು ಸುಳಿವಿಗೆ ಇಷ್ಟೇ ಮಕ್ಕಳಾ ಅಂತ ನಮ್ಮ ಮನೆಯೋರು ಕೇಳಿದ್ರು. ನಂಗೆ ಸಿಟ್ಟು ಬಂತು, ಉತ್ತರ ಕೊಡ್ಲಿಲ್ಲ. ಸಾರು ಬಡಿಸಿ ಎದ್ದು ಹೋದೆ.

ಇದರ ಹಿಂದೆ ಇರೋ ವ್ಯವಸ್ಥೆ ಬಗ್ಗೆ ಓದಿದ್ಮೇಲೆ ಗೊತ್ತಾಗಿದ್ದು ಏನಂದ್ರೆ, ಈ ಸೈಟು ಸಾಲಿನ ಕೊನೇಲಿರೋದು. ಅದಕ್ಕೂ ಮುಂಚೆ ತುಂಬಾ ಕಣ್ಣು ಆ ಚಿತ್ರದ ಮೇಲೆ ಹಾದು ಹೋಗಿರುತ್ತೆ. ಫ್ರಾನ್ಸಿನ ಲಿಯಾನಲ್ಲಿರೋ ಇಂಟರ್‌ಪೋಲ್ ಹತ್ರ 2009ರಿಂದ ಒಂದು ಡೇಟಾಬೇಸ್ ಇದೆ, ಐಸಿಎಸ್‌ಇ ಅಂತ, ಒಂದು ದೇಶದ ತನಿಖಾಧಿಕಾರಿ ಒಂದು ಚಿತ್ರ ಹಾಕಿ ನೋಡಿದ್ರೆ ಈ ಮಗುವನ್ನ ಇನ್ನೊಂದು ದೇಶದೋರು ಆಗ್ಲೇ ಪತ್ತೆ ಮಾಡಿದಾರಾ, ಇದೇ ರೂಮು ಬೇರೆ ಚಿತ್ರದಲ್ಲಿ ಬಂದಿದೆಯಾ ಅಂತ ಗೊತ್ತಾಗುತ್ತೆ. ಅದಿಲ್ಲಾಂದ್ರೆ ಐದು ದೇಶದ ಪೊಲೀಸರು ಒಂದೇ ಮಗುವನ್ನ ಐದು ಸಲ ಹುಡುಕ್ತಾ ಕೂತಿರ್ತಾರೆ. ನಮ್ಮ ಸಿಬಿಐ 2022ರಲ್ಲಿ ಅದಕ್ಕೆ ಸೇರ್ಕೊಂಡಿದೆ. ಅದೇ ವರ್ಷ ಆಪರೇಷನ್ ಮೇಘಚಕ್ರ ಅಂತ ಸಿಬಿಐ ದೇಶದ ತುಂಬಾ ರೇಡ್ ಮಾಡ್ತಲ್ಲ, ಆ ಮಾಹಿತಿ ಹೊರಟಿದ್ದು ನ್ಯೂಜಿಲೆಂಡ್ ಪೊಲೀಸರಿಂದ, ಬಂದಿದ್ದು ಸಿಂಗಾಪುರದ ಇಂಟರ್‌ಪೋಲ್ ಘಟಕದ ಮೂಲಕ. ಇನ್ನೊಂದು, ಹೇಗ್‌ಗೆ ಬೇರೆ ಬೇರೆ ದೇಶದ ಗುರುತು ಪತ್ತೆ ಸ್ಪೆಷಲಿಸ್ಟ್‌ಗಳು ಬಂದು ದಿನಗಟ್ಲೆ ಒಂದೇ ಕಡೆ ಕೂತು ಇಂಥ ಫೈಲುಗಳನ್ನ ನೋಡೋ ಪದ್ಧತಿ ಇದೆ, 2014ರಿಂದ. ಒಬ್ಬ ಆಫೀಸರ್‌ಗೆ ಬರೀ ಗೋಡೆ ಕಾಣ್ಸುತ್ತೆ, ಪಕ್ಕದ ದೇಶದಿಂದ ಬಂದಿರೋಳಿಗೆ ಅದು ತನ್ನ ಅಜ್ಜಿ ಊರಿನ ರೇಡಿಯೇಟರ್ ಅಂತ ಅನ್ನಿಸ್ಬೋದು. ಬೆಲ್ಲಿಂಗ್‌ಕ್ಯಾಟ್ ಅನ್ನೋ ತನಿಖಾ ಪತ್ರಕರ್ತರ ಗುಂಪು ಕೂಡ ಈ ಸೈಟಿನ ಚಿತ್ರಗಳ ಮೇಲೆ ಕೆಲ್ಸ ಮಾಡಿದೆ, ಹೊರಗಿನ ನೋಟ ಇರೋ ಚಿತ್ರಗಳಲ್ಲಿ ಮರ, ಬೆಟ್ಟ, ಕಟ್ಟಡದ ಸಾಲು ಹಿಡ್ಕೊಂಡು ಜಾಗ ಹುಡುಕೋದು ಅವ್ರ ಕಸುಬು.

ಇನ್ನು ಕೊರತೆ ಅಂದ್ರೆ, ಹೆಸ್ರು ಹೇಳ್ದೇ ಕಳ್ಸಿದ್ರೆ ಉತ್ತರ ಬರೋ ದಾರೀನೇ ಇಲ್ಲ. ನಾನು ಕಳ್ಸಿದ್ದು ಎರಡು ಸುಳಿವು, ಒಂದು ಆ ಕ್ವಿಲ್ಟ್ ಕವರು, ಇನ್ನೊಂದು ಒಂದು ಪರದೆ. ಏನಾಯ್ತು ಅನ್ನೋದು ನಂಗೆ ಬರಲ್ಲ, ಬರ್ಬಾರ್ದು ಕೂಡ, ಕೇಸಿನ ಮಾಹಿತಿ ನನ್ನಂಥೋಳಿಗೆ ಕೊಡ್ತಾ ಕೂತ್ರೆ ಅಪರಾಧಿಗೂ ಗೊತ್ತಾಗುತ್ತಲ್ವಾ. ಆದ್ರೂ ಅಮೆಜಾನಲ್ಲಿ ಚಪ್ಪಲಿ ತಗೊಂಡ್ರೆ ಮೂರು ಮೆಸೇಜ್ ಬರೋ ಕಾಲದಲ್ಲಿ ಇದಕ್ಕೆ ಮನಸ್ಸು ಒಗ್ಗೋಕೆ ಟೈಮ್ ಬೇಕು. ಇನ್ನೊಂದು ಕಷ್ಟ, ಇದು ಯಾರೂ ಹೇಳಲ್ಲ. ಮಗು ಕಾಣಲ್ಲ ನಿಜ, ಆದ್ರೆ ಕತ್ತರಿಸಿರೋ ಅಂಚಿನ ಆಚೆ ಏನಿತ್ತು ಅಂತ ತಲೆ ಯೋಚ್ನೆ ಮಾಡ್ತಾನೇ ಇರುತ್ತೆ. ಒಂದಿನ ನನ್ನ ಮಗಳ ಹಳೇ ಫ್ರಾಕಿನ ಥರದ್ದೇ ಪ್ರಿಂಟು ಕಾಣಿಸ್ತು, ಆ ರಾತ್ರಿ ನಿದ್ದೆ ಬರ್ಲಿಲ್ಲ, ಎದ್ದು ಹೋಗಿ ಅವಳ ರೂಮಲ್ಲಿ ಕೂತಿದ್ದೆ. ಈಗ ಲೆಕ್ಕ ಇಟ್ಕೊಂಡಿದೀನಿ, ವಾರಕ್ಕೆ ಒಂದ್ಸಲ, ಇಪ್ಪತ್ತು ನಿಮಿಷ, ಹಗಲು ಹೊತ್ತು ಮಾತ್ರ.

ಈ ಸೈಟು ಇಷ್ಟ ಆಗೋಕೆ ನಿಜವಾದ ಕಾರಣ ಹೇಳ್ಬೇಕಂದ್ರೆ ನಮ್ಮ ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪಿಗೆ ಬರ್ಬೇಕು. ಹೋದ ವರ್ಷ ಒಬ್ರು ಒಂದು ವಿಡಿಯೋ ಹಾಕಿದ್ರು, ಈ ರಾಕ್ಷಸನನ್ನ ಗುರುತಿಸಿ, ಸಿಗೋವರ್ಗೂ ಶೇರ್ ಮಾಡಿ, ಅಂತ ಕೆಳಗೆ ಕೈ ಮುಗಿಯೋ ಇಮೋಜಿ. ಅದ್ರಲ್ಲಿ ಮಗು ಮುಖ ಚೆನ್ನಾಗಿ ಕಾಣ್ತಿತ್ತು. ಅಂಕಲ್ ದಯವಿಟ್ಟು ಡಿಲೀಟ್ ಮಾಡಿ, ಇದು ಅಪರಾಧ ಅಂತ ಹಾಕ್ದೆ. ನಾವು ಒಳ್ಳೇದಕ್ಕೆ ಮಾಡ್ತಿರೋದಮ್ಮ, ನೀನು ಕಾನೂನು ಹೇಳ್ತೀಯಲ್ಲ ಅಂತ ಬೈಸ್ಕೊಂಡೆ. ಕಾನೂನು ಇರೋದೇ ಹಂಗೆ ಅಂಕಲ್, ಮಕ್ಕಳನ್ನ ಲೈಂಗಿಕ ದೌರ್ಜನ್ಯದಿಂದ ಕಾಪಾಡೋ ಪೋಕ್ಸೋ ಕಾಯ್ದೆ ಪ್ರಕಾರ ಅಂಥದ್ದನ್ನ ಇಟ್ಕೊಳ್ಳೋದು, ಕಳ್ಸೋದು ಎರಡೂ ತಪ್ಪು, 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನ ಇನ್ನೂ ಬಿಗಿಯಾಗಿ ಹೇಳಿ, ಚೈಲ್ಡ್ ಪೋರ್ನೋಗ್ರಫಿ ಅನ್ನೋ ಪದಾನೇ ಬಳಸ್ಬೇಡಿ, ಅದು ದೌರ್ಜನ್ಯದ ದಾಖಲೆ ಅಂತ ಹೇಳಿದೆ. ಒಳ್ಳೇ ಉದ್ದೇಶದಿಂದ ಮಾಡಿದ ಒಂದೊಂದು ಫಾರ್ವರ್ಡೂ ಆ ಮಗುವನ್ನ ಇನ್ನೊಬ್ರ ಮುಂದೆ ಇನ್ನೊಂದ್ಸಲ ನಿಲ್ಲಿಸುತ್ತೆ. ಇದೇ ಕೆಲ್ಸವನ್ನ ಯೂರೋಪೋಲ್‌ನೋರು ಮಗುವನ್ನ ಯಾರಿಗೂ ತೋರಿಸ್ದೆ ಮಾಡ್ತಾರೆ, ಬರೀ ದಿಂಬಿನ ಕವರ್ ತೋರಿಸಿ.

ಫಾರ್ವರ್ಡ್ ಎಲ್ಲಿಗೆ ಹೋಗಿ ನಿಲ್ಲುತ್ತೆ ಅನ್ನೋದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆ ಇದೆ. 2018ರ ಜುಲೈ, ಬೀದರ್ ಜಿಲ್ಲೆ ಔರಾದ್ ತಾಲ್ಲೂಕಿನ ಮುರ್ಕಿ. ಹೈದರಾಬಾದಿಂದ ಬಂದ ಸ್ನೇಹಿತರು, ಜೊತೇಲಿ ಕತಾರ್‌ನೋನೊಬ್ಬ, ದಾರೀಲಿ ಶಾಲೆ ಮಕ್ಕಳಿಗೆ ಚಾಕ್ಲೆಟ್ ಕೊಟ್ರು. ಮಕ್ಕಳ ಕಳ್ಳರು ಅಂತ ವಾಟ್ಸಾಪ್‌ನಲ್ಲಿ ಹೋಯ್ತು, ಮುಂದಿನ ಊರಲ್ಲಿ ಜನ ರಸ್ತೆ ಅಡ್ಡ ಹಾಕಿದ್ರು, ಒಬ್ಬ ಸಾಫ್ಟ್‌ವೇರ್ ಇಂಜಿನಿಯರ್ ಸತ್ತೇಹೋದ. ಅಲ್ಲೂ ಮಕ್ಕಳನ್ನ ಕಾಪಾಡ್ಬೇಕು ಅನ್ನೋ ಆತುರಾನೇ ಇದ್ದಿದ್ದು. ಕಂಡಿದ್ದನ್ನ ತಾನೇ ತೀರ್ಪು ಕೊಡೋದಕ್ಕೂ, ಕಂಡಿದ್ದನ್ನ ತಿಳ್ಕೊಂಡಿರೋರ ಕೈಗೆ ಕೊಟ್ಟು ಸುಮ್ನಾಗೋದಕ್ಕೂ ಇರೋ ವ್ಯತ್ಯಾಸ ಇದು. ಅದಕ್ಕೇ ಈ ಸೈಟಲ್ಲಿ ನಿಮ್ಗೆ ಏನಾದ್ರೂ ಹೊಳೆದ್ರೆ ಅಲ್ಲಿ ಬರೆದು ಕಳ್ಸಿ ಅಷ್ಟೇ, ಫೇಸ್‌ಬುಕ್ಕಲ್ಲಿ ನಾನು ಕಂಡುಹಿಡಿದೆ ಅಂತ ಹಾಕೋದು, ಆ ಊರಿನ ಯಾರ್ದೋ ಮನೆ ಗೂಗಲ್ ಮ್ಯಾಪಲ್ಲಿ ಹುಡುಕೋದು, ಇದೆಲ್ಲಾ ಬೇಡ.

ಕೈಗೆ ಅಂಥ ವಿಡಿಯೋ ಬಂದ್ರೆ, ಅಥವಾ ಅಕ್ಕಪಕ್ಕದಲ್ಲೇ ಏನಾದ್ರೂ ಕಂಡ್ರೆ, ಅದಕ್ಕೆ ಈ ಸೈಟಲ್ಲ. ಮಗು ಅಪಾಯದಲ್ಲಿದೆ ಅಂದ್ರೆ ಮಕ್ಕಳ ಸಹಾಯವಾಣಿ 1098, ಅಥವಾ 112ಕ್ಕೆ ಫೋನ್ ಮಾಡಿ. ಆನ್‌ಲೈನಲ್ಲಿ ಕಂಡಿದ್ದಾದ್ರೆ ಕೇಂದ್ರ ಸರ್ಕಾರದ ಸೈಬರ್ ಕ್ರೈಂ ಪೋರ್ಟಲಲ್ಲಿ ಮಕ್ಕಳಿಗೆ ಸಂಬಂಧಪಟ್ಟ ದೂರನ್ನ ಹೆಸ್ರು ಹೇಳ್ದೇ ಕೊಡೋ ಆಯ್ಕೆ ಇದೆ, ನಮ್ಮ ಗ್ರೂಪಿನ ವಿಷ್ಯಕ್ಕೆ ನಾನು ಅದನ್ನೇ ಬಳಸಿದ್ದು. ಗೊತ್ತಿದ್ದೂ ಪೊಲೀಸರಿಗೆ ತಿಳಿಸ್ದೇ ಇರೋದೂ ಪೋಕ್ಸೋನಲ್ಲಿ ತಪ್ಪೇ, ಡಾಕ್ಟರು ಟೀಚರು ಅಂತ ಅಲ್ಲ, ಯಾರಿಗೇ ಆದ್ರೂ. ಇದೆಲ್ಲಾ ಯೂರೋಪಿನೋರ ಸಮಸ್ಯೆ ಅಂದ್ಕೊಳ್ಳೋರಿಗೆ ಒಂದು ಲೆಕ್ಕ. ಆನ್‌ಲೈನಲ್ಲಿ ಕಂಡ ಮಕ್ಕಳ ದೌರ್ಜನ್ಯದ ಚಿತ್ರ ವಿಡಿಯೋ ಬಗ್ಗೆ ವರದಿ ತಗೊಳ್ಳೋ ಅಮೆರಿಕಾದ ಎನ್‌ಸಿಎಂಇಸಿ ಸಂಸ್ಥೆಗೆ 2022ರಲ್ಲಿ ಬಂದ ವರದಿ 3 ಕೋಟಿ 20 ಲಕ್ಷ, ಅದ್ರಲ್ಲಿ ಭಾರತಕ್ಕೆ ಸೇರಿದ್ದು 56 ಲಕ್ಷ, ಬೇರೆಲ್ಲಾ ದೇಶಕ್ಕಿಂತ ಜಾಸ್ತಿ. ಅಷ್ಟು ಮಕ್ಕಳು ಅಂತಲ್ಲ, ಒಂದೇ ವಿಡಿಯೋ ಸಾವಿರ ಜನ ಹಂಚಿದ್ರೆ ಸಾವಿರ ವರದಿ ಆಗುತ್ತೆ. ಹಂಚೋರು ಯಾರು ಅನ್ನೋದು ಮೇಲಿನ ಅಂಕಲ್ ಕಥೇಲಿ ಸ್ವಲ್ಪ ಸಿಗುತ್ತೆ.

ಇದೇ ಜಾತಿಯ ಇನ್ನೆರಡು ಇವೆ, ಚಿಕ್ಕದಾಗಿ ಹೇಳ್ತೀನಿ. ಆಸ್ಟ್ರೇಲಿಯಾ ಪೊಲೀಸರೂ ಇಂಥದ್ದೊಂದು ನಡೆಸ್ತಾರೆ, ಏಷ್ಯಾ ಕಡೆಯ ವಸ್ತುಗಳು ಅಲ್ಲಿ ಕಾಣ್ಸೋ ಸಾಧ್ಯತೆ ಜಾಸ್ತಿ, ನಮ್ಮೋರು ಅದನ್ನೂ ನೋಡ್ಬೇಕು. ಇನ್ನೊಂದು ಟ್ರಾಫಿಕ್‌ಕ್ಯಾಮ್ ಅಂತ ಆಪು, ಅಮೆರಿಕಾದ್ದು, 2016ರದ್ದು. ನೀವು ಉಳ್ಕೊಂಡ ಹೋಟೆಲ್ ರೂಮಿನ ಫೋಟೋ ಹಾಕೋದು, ಮಂಚ, ಪರದೆ, ಕಾರ್ಪೆಟ್ಟು, ಗೋಡೆ ಮೇಲಿನ ಚಿತ್ರ. ಮುಂದೆ ಯಾವ್ದಾದ್ರೂ ಕೇಸಲ್ಲಿ ಹೋಟೆಲ್ ರೂಮು ಬಂದ್ರೆ ತನಿಖೆ ಮಾಡೋರು ಹೋಲಿಸಿ ನೋಡೋಕೆ. ಟೂರ್ ಜಾಸ್ತಿ ಇರೋ ಸೇಲ್ಸ್‌ನೋರಿಗೆ ಇದು ಹೇಳಿ ಮಾಡಿಸಿದ್ದು, ಬ್ಯಾಗ್ ಬಿಸಾಕೋಕೆ ಮುಂಚೆ ಎರಡು ಫೋಟೋ, ಅಷ್ಟೇ ಖರ್ಚು.

ಸ್ಟಾರ್ ಕೊಡ್ಬೇಕಲ್ಲ, ನಾಲ್ಕು. ಸರಳ, ಫ್ರೀ, ಮಗುವಿನ ಮಾನ ಕಾಪಾಡುತ್ತೆ, ನಮ್ಮ ಕಸುಬಿಗೆ ಬೆಲೆ ಕೊಡುತ್ತೆ. ಒಂದು ಸ್ಟಾರ್ ಯಾಕೆ ಕಮ್ಮಿ ಅಂದ್ರೆ ಬಟ್ಟೆ ಬಟ್ಟೆ ಕಡೆ, ಪಾತ್ರೆ ಪಾತ್ರೆ ಕಡೆ ಅಂತ ವಿಂಗಡಿಸಿ, ಆಯಾ ಕಸುಬಿನೋರ ಸಂಘಕ್ಕೆ ಕಳ್ಸೋ ವ್ಯವಸ್ಥೆ ಇದ್ರೆ ಎಷ್ಟು ಬೇಗ ಆಗುತ್ತೆ ಅನ್ನೋದು ನನ್ನ ಆಸೆ, ಕರೂರಿನ ಒಂದು ನೋಟಿಸ್ ಬೋರ್ಡಲ್ಲಿ ಹಾಕಿದ್ರೆ ಒಂದು ವಾರ ಸಾಕು.

ನಮ್ಮ ಮಾಸ್ಟರ್ ಈಗ ಸೋಮವಾರ ಸೋಮವಾರ ತಾವೇ ಕೇಳ್ತಾರೆ, ಮೇಡಂ ಹೊಸಾದು ಬಂದಿದೆಯಾ ಅಂತ. ಹೋದ ವಾರ ಒಂದು ಜಾಕೆಟ್ಟಿನ ಚಿತ್ರ ಸಿಕ್ತು, ಬಟ್ಟೆ ಇಬ್ರಿಗೂ ತಿಳೀಲಿಲ್ಲ, ಜಿಪ್ಪಿನ ಪುಲ್ಲರ್ ಮೇಲೆ ಏನೋ ಗುರುತಿದೆ, ತಿರುಗಿಸಿ ತಿರುಗಿಸಿ ನೋಡಿದ್ವಿ. ಜಿಪ್ಪು ಬಟನ್ನು ಸಪ್ಲೈ ಮಾಡೋರು, ಅದ್ರ ವ್ಯಾಪಾರದೋರು ಯಾರಾದ್ರೂ ಇದನ್ನ ಓದ್ತಿದ್ರೆ ಒಂದ್ಸಲ ಸೈಟಿಗೆ ಹೋಗಿ ಅದನ್ನ ನೋಡಿ. ನಂಗೆ ಜಿಪ್ಪು ಗೊತ್ತಾಗಲ್ಲ.